ನೀಲಿ ಶಿಶುಗಳೂ ವಿವಿಯನ್ ಥಾಮಸರೂ

ಪ್ರತಿವರ್ಷವೂ ಕಾಲೇಜು ತೆರೆದ ಮೊದಲ ವಾರದಲ್ಲಿ ಬಿ.ಎಸ್‌ಸಿ. ತರಗತಿಯನ್ನು ಹೊಕ್ಕಾಗ ನಮ್ಮ ಕಣ್ಣಿಗೆ ಒಂದು ನೋಟ ತಪ್ಪದೆ ಬೀಳುತ್ತದೆ. ಹಿಂದಿನ ಬೆಂಚಿನಲ್ಲಿ ಮೂವರೋ ನಾಲ್ವರೋ ವಿದ್ಯಾರ್ಥಿಗಳು ಮುಖ ಬಾಡಿಸಿಕೊಂಡು ಕುಳಿತಿರುತ್ತಾರೆ. ವಿಚಾರಿಸಿದರೆ ದೊರೆಯುವ ಉತ್ತರ ಒಂದೇ: ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಲಿಲ್ಲ. ಕೆಲವರಿಗೆ ಅಂಕ ಸಾಲದು, ಕೆಲವರಿಗೆ ಹಣ ಸಾಲದು. ಬೇರೆ ದಾರಿ ಕಾಣದೆ ಭೌತವಿಜ್ಞಾನಕ್ಕೆ ಬಂದಿರುವ ಈ ತರುಣರಿಗೆ ನಾವು ಸಮಾಧಾನದ ಉಪನ್ಯಾಸವನ್ನೇನೂ ಮಾಡುವುದಿಲ್ಲ. ಆದರೆ ದ್ರವಗಳ ಸ್ನಿಗ್ಧತೆಯ ಪಾಠ ಬಂದಾಗ, ನಳಿಗೆಯಲ್ಲಿ ದ್ರವ ಹರಿಯುವ ನಿಯಮವನ್ನು ಹಲಗೆಯ ಮೇಲೆ ಬರೆದು, ಅದರ ಜತೆಗೆ ಒಬ್ಬ ಬಡಗಿಯ ಮಗನ ವೃತ್ತಾಂತವನ್ನು ಹೇಳುವುದು ನಮ್ಮ ವಾಡಿಕೆ. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಬ್ಯಾಂಕಿನೊಡನೆ ಮುಳುಗಿದ ಕನಸು

ವಿವಿಯನ್ ಥಾಮಸರು ಹುಟ್ಟಿದ್ದು 1910ರಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳ ಲೂಸಿಯಾನ ಪ್ರಾಂತದಲ್ಲಿ. ಬೆಳೆದದ್ದು ಟೆನೆಸ್ಸೀ ಪ್ರಾಂತದ ನ್ಯಾಶ್‌ವಿಲ್ ನಗರದಲ್ಲಿ. ತಂದೆ ಬಡಗಿ. ಬಾಲಕನು ಶಾಲೆಯ ಪಾಠದ ಜತೆಗೆ ತಂದೆಯಿಂದ ಮರಗೆಲಸವನ್ನೂ ಕಲಿತನು. ಅಳತೆ ತಪ್ಪದಂತೆ ಕೊಯ್ಯುವುದು, ಸಂದು ಕಾಣದಂತೆ ಕೂಡಿಸುವುದು ಚಿಕ್ಕಂದಿನಿಂದಲೇ ಅವನ ಕೈಗೆ ಒಗ್ಗಿದುವು.

ಅವನಿಗಿದ್ದ ಆಸೆ ವೈದ್ಯನಾಗಬೇಕೆಂಬುದು. ಆದರೆ ಅವನು ಹುಟ್ಟಿದ್ದು ಕಪ್ಪು ಜನಾಂಗದಲ್ಲಿ. ಆ ಕಾಲದಲ್ಲಿ ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ಶಾಲೆ ಬೇರೆ, ಆಸ್ಪತ್ರೆ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ನ್ಯಾಶ್‌ವಿಲ್‌ನಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಮೆಹಾರಿ ವೈದ್ಯಕೀಯ ಕಾಲೇಜು ಇತ್ತಾದರೂ ಅದನ್ನು ಸೇರುವ ಮೊದಲು ಕಾಲೇಜು ವ್ಯಾಸಂಗ ನಡೆಯಬೇಕು. ಅದಕ್ಕೆ ಹಣ ಬೇಕು. ತರುಣ ಥಾಮಸರು ದುಡಿದು ಕಾಸಿಗೆ ಕಾಸು ಕೂಡಿಸಿಟ್ಟರು. 1929ರಲ್ಲಿ ಪ್ರೌಢಶಾಲೆ ಮುಗಿಯಿತು. ಅದೇ ವರ್ಷದ ಕೊನೆಗೆ ಅಮೆರಿಕದ ಷೇರುಪೇಟೆ ಕುಸಿದು ಮಹಾ ಮುಗ್ಗಟ್ಟು ತಲೆದೋರಿತು. ಬಡಗಿಯ ಕೆಲಸ ಕೈತಪ್ಪಿತು. ಮರುವರ್ಷ ಹಣವಿಟ್ಟಿದ್ದ ಬ್ಯಾಂಕು ದಿವಾಳಿಯಾಯಿತು, ಕೂಡಿಟ್ಟದ್ದೆಲ್ಲ ಹೋಯಿತು.

1930ರ ಫೆಬ್ರವರಿಯಲ್ಲಿ, ಮುಗ್ಗಟ್ಟು ಕಳೆಯುವವರೆಗೆ ಹೊಟ್ಟೆಪಾಡಾದರೆ ಸಾಕೆಂದು, ಅವರು ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಎಂಬ ತರುಣ ಶಸ್ತ್ರವೈದ್ಯರ ಪ್ರಯೋಗಶಾಲೆಗೆ ಸಹಾಯಕರಾಗಿ ಸೇರಿದರು. ಆಗ ಅವರಿಗೆ ವಯಸ್ಸು ಹತ್ತೊಂಬತ್ತು.

ಪ್ರಯೋಗಶಾಲೆಯೇ ಪಾಠಶಾಲೆ

ಬ್ಲೇಲಾಕರು ಆಗ ಶೋಧಿಸುತ್ತಿದ್ದ ವಿಷಯ 'ಆಘಾತ'. ಭಾರಿ ಗಾಯವಾದ ಮನುಷ್ಯನಲ್ಲಿ ರಕ್ತದ ಒತ್ತಡ ಕುಸಿದು, ಮೈ ತಣ್ಣಗಾಗಿ, ಪ್ರಾಣಕ್ಕೇ ಅಪಾಯ ಒದಗುವ ಸ್ಥಿತಿಗೆ ಈ ಹೆಸರು. ಗಾಯದಿಂದ ಹೊರಡುವ ಯಾವುದೋ ವಿಷವೇ ಇದಕ್ಕೆ ಕಾರಣವೆಂದು ಹಲವರು ನಂಬಿದ್ದರು. ವಿಷವಲ್ಲ, ರಕ್ತನಾಳಗಳಿಂದ ರಕ್ತವೂ ದ್ರವವೂ ಹೊರಕ್ಕೆ ಸೋರಿಹೋಗಿ ಒಳಗೆ ಪ್ರಮಾಣ ಸಾಲದಾಗುವುದೇ ಮುಖ್ಯ ಕಾರಣವೆಂದು ಈ ಪ್ರಯೋಗಶಾಲೆ ತೋರಿಸಿಕೊಟ್ಟಿತು. ಕಳೆದುಹೋದದ್ದನ್ನು ರಕ್ತ ಮತ್ತು ಪ್ಲಾಸ್ಮಗಳಿಂದ ತುಂಬಿಕೊಡುವ ಚಿಕಿತ್ಸೆ ಎರಡನೆಯ ಮಹಾಯುದ್ಧದಲ್ಲಿ ಅನೇಕ ಸೈನಿಕರ ಜೀವ ಉಳಿಸಿತು.

ಈ ಪ್ರಯೋಗಗಳನ್ನು ದಿನದಿನವೂ ನಡೆಸಿದ ಕೈಗಳಲ್ಲಿ ಥಾಮಸರ ಕೈಗಳು ಮುಖ್ಯವಾದುವು. ಬ್ಲೇಲಾಕರೂ ಅವರ ಕಿರಿಯ ಸಹೋದ್ಯೋಗಿಯೂ ತೋರಿಸಿಕೊಟ್ಟದ್ದನ್ನು ಅವರು ಬಲುಬೇಗ ಕಲಿತರು. ಕೆಲವೇ ವಾರಗಳಲ್ಲಿ ನಾಯಿಗಳಿಗೆ ಅರಿವಳಿಕೆ ಕೊಟ್ಟು ಶಸ್ತ್ರಕ್ರಿಯೆಯನ್ನು ತಾವೇ ಆರಂಭಿಸಬಲ್ಲವರಾದರು. ಅಂಗರಚನೆ, ಶರೀರಕ್ರಿಯೆ, ರಸಾಯನಶಾಸ್ತ್ರಗಳನ್ನು ಪುಸ್ತಕದಿಂದ ಓದಿಕೊಂಡರು. ಆದರೆ ಅವರ ಓದಿಗೂ ನಮ್ಮ ವಿದ್ಯಾರ್ಥಿಗಳ ಓದಿಗೂ ಒಂದು ವ್ಯತ್ಯಾಸವಿತ್ತು. ನಾವು ಪುಸ್ತಕವನ್ನು ಮೊದಲ ಪುಟದಿಂದ ಹಿಡಿದು ಪರೀಕ್ಷೆಗಾಗಿ ಓದುತ್ತೇವೆ. ಅವರಿಗೆ ಬೆಳಗಿನ ಪ್ರಯೋಗ ಒಂದು ಪ್ರಶ್ನೆಯನ್ನು ಒಡ್ಡುತ್ತಿತ್ತು. ಸಂಜೆ ಪುಸ್ತಕ ತೆರೆಯುವುದು ಆ ಪ್ರಶ್ನೆಯ ಉತ್ತರಕ್ಕಾಗಿ.

ಮೊದಮೊದಲು ಯಾವುದೋ ತಪ್ಪಿಗಾಗಿ ಬ್ಲೇಲಾಕರು ಅವರ ಮೇಲೆ ಬಿರುನುಡಿಗಳಿಂದ ಹರಿಹಾಯ್ದರು. ಥಾಮಸರು ಸುಮ್ಮನಿರಲಿಲ್ಲ. ಇಂಥ ಮಾತು ಕೇಳಿಸಿಕೊಂಡು ದುಡಿಯುವುದು ತಮ್ಮಿಂದ ಆಗದೆಂದು ತಿಳಿಸಿ, ಕೆಲಸ ಬಿಡಲು ಸಿದ್ಧರಾದರು. ಬ್ಲೇಲಾಕರು ಕ್ಷಮೆ ಕೇಳಿದರು. ಅಲ್ಲಿಂದ ಮುಂದೆ ಇಬ್ಬರೂ ಮೂವತ್ತನಾಲ್ಕು ವರ್ಷ ಕೂಡಿ ಕೆಲಸಮಾಡಿದರು. ಆದರೂ ವಾಂಡರ್‌ಬಿಲ್ಟ್‌ನ ಲೆಕ್ಕಪತ್ರದಲ್ಲಿ ಥಾಮಸರ ಹುದ್ದೆ ಜಾಡಮಾಲಿಯದೇ ಆಗಿತ್ತು. ಸಂಬಳವೂ ಅದೇ ದರ್ಜೆಯದು.

ಇಲ್ಲಿ ನಡೆದ ಇನ್ನೊಂದು ಪ್ರಯೋಗವನ್ನು ಓದುಗರು ನೆನಪಿಡಬೇಕು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದರೆ ಏನಾಗುವುದೆಂದು ತಿಳಿಯುವ ಸಲುವಾಗಿ, 1938ರ ಸುಮಾರಿಗೆ, ತೋಳಿಗೆ ಹೋಗುವ ಅಪಧಮನಿಯನ್ನು ಶ್ವಾಸಕೋಶಕ್ಕೆ ಹೋಗುವ ಅಪಧಮನಿಗೆ ಹೊಲಿದು ಜೋಡಿಸಿ ನೋಡಿದರು. ನಿರೀಕ್ಷಿಸಿದಂತೆ ಒತ್ತಡ ಏರಲಿಲ್ಲ. ಪ್ರಯೋಗ ವಿಫಲವಾಯಿತೆಂದು ಅದನ್ನು ಬದಿಗಿಟ್ಟರು. ಆದರೆ ಹೊಲಿಗೆ ಮಾತ್ರ ಕೈಯಲ್ಲಿ ಉಳಿಯಿತು.

ಮಗು ನೀಲಿಯಾಗುವುದೇಕೆ?

ಇನ್ನು ರೋಗದ ವಿಚಾರ. ನಮ್ಮ ಹೃದಯದಲ್ಲಿ ಎರಡು ರೇಚಕಗಳಿವೆ ಎಂದು ಭಾವಿಸಬಹುದು. ದೇಹದಿಂದ ಹಿಂದಿರುಗಿದ ಅಶುದ್ಧ ರಕ್ತವನ್ನು ಬಲಭಾಗ ಶ್ವಾಸಕೋಶಕ್ಕೆ ತಳ್ಳುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದು ಬಂದ ಶುದ್ಧ ರಕ್ತವನ್ನು ಎಡಭಾಗ ಮಹಾಪಧಮನಿಯ ಮೂಲಕ ದೇಹಕ್ಕೆಲ್ಲ ಕಳುಹಿಸುತ್ತದೆ. ಆರೋಗ್ಯವಂತರಲ್ಲಿ ಇವೆರಡರ ನಡುವೆ ಗೋಡೆಯಿದೆ. ವಿದ್ಯುನ್ಮಂಡಲದ ಭಾಷೆಯಲ್ಲಿ ಹೇಳುವುದಾದರೆ ಶ್ವಾಸಕೋಶವೂ ದೇಹವೂ ಸರಣಿಯಲ್ಲಿ ಜೋಡಣೆಗೊಂಡಿವೆ. ಒಂದನ್ನು ಹಾಯದೆ ರಕ್ತ ಇನ್ನೊಂದನ್ನು ಸೇರಲಾರದು.

ಕೆಲವು ಮಕ್ಕಳಲ್ಲಿ ಈ ಏರ್ಪಾಡು ಹುಟ್ಟಿನಿಂದಲೇ ಕೆಟ್ಟಿರುತ್ತದೆ. 1888ರಲ್ಲಿ ಫ್ರಾನ್ಸಿನ ಫಾಲೊ ಎಂಬ ವೈದ್ಯರು ವಿವರಿಸಿದ ನಾಲ್ಕು ದೋಷಗಳ ಕೂಟ ಇಂಥದು. ಎರಡು ಹೃತ್ಕುಕ್ಷಿಗಳ ನಡುವಣ ಗೋಡೆಯಲ್ಲಿ ರಂಧ್ರ. ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿರುವುದು. ಮಹಾಪಧಮನಿ ಆ ರಂಧ್ರದ ಮೇಲೆಯೇ ಸರಿದು ನಿಂತಿರುವುದು. ಇವುಗಳ ಫಲವಾಗಿ ಬಲ ಹೃತ್ಕುಕ್ಷಿಯ ಗೋಡೆ ದಪ್ಪವಾಗುವುದು. ಪ್ರವಾಹ ಯಾವಾಗಲೂ ತಡೆ ಕಡಿಮೆಯಿರುವ ಕಡೆಗೆ ಹೆಚ್ಚಾಗಿ ಹರಿಯುತ್ತದೆಯಷ್ಟೆ. ಶ್ವಾಸಕೋಶದ ದಾರಿ ಇಕ್ಕಟ್ಟಾಗಿ, ಪಕ್ಕದಲ್ಲಿಯೇ ರಂಧ್ರ ತೆರೆದಿರುವಾಗ ಅಶುದ್ಧ ರಕ್ತದ ಒಂದು ಪಾಲು ಶ್ವಾಸಕೋಶವನ್ನು ಕಾಣದೆ ನೇರವಾಗಿ ದೇಹಕ್ಕೆ ಹೊರಟುಬಿಡುತ್ತದೆ.

ರಕ್ತದಲ್ಲಿ ಆಮ್ಲಜನಕವನ್ನು ಹೊರುವ ವಸ್ತು ಹೀಮೋಗ್ಲೋಬಿನ್. ಆಮ್ಲಜನಕ ತುಂಬಿದಾಗ ಅದರ ಬಣ್ಣ ಕಡುಗೆಂಪು. ಇಲ್ಲದಾಗ ಕಪ್ಪು ಬೆರೆತ ಕೆಂಪು. ಈ ಎರಡನೆಯದು ಚರ್ಮದ ಮೂಲಕ ನೀಲಿಯಾಗಿ ತೋರುತ್ತದೆ. ಆರೋಗ್ಯವಂತ ವಯಸ್ಕರ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 15 ಗ್ರಾಂ ಹೀಮೋಗ್ಲೋಬಿನ್ ಇರುತ್ತದೆ. ಕಿರುನಾಳಗಳ ರಕ್ತದಲ್ಲಿ ಸುಮಾರು 5 ಗ್ರಾಂನಷ್ಟು ಹೀಮೋಗ್ಲೋಬಿನ್ ಆಮ್ಲಜನಕವಿಲ್ಲದೆ ಇದ್ದರೆ ತುಟಿ ಮತ್ತು ಉಗುರುಗಳ ನೀಲಿ ಕಣ್ಣಿಗೆ ಕಾಣಿಸತೊಡಗುತ್ತದೆ. ಇಂಥ ಮಕ್ಕಳನ್ನೇ 'ನೀಲಿ ಶಿಶುಗಳು' ಎಂದು ಕರೆದರು. ನಾಲ್ಕು ಹೆಜ್ಜೆ ನಡೆದರೆ ಅವರಿಗೆ ಏದುಸಿರು ಬರುತ್ತದೆ; ಆಗ ಕುಕ್ಕರಗಾಲಿನಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಾರೆ. 1944ಕ್ಕೆ ಮೊದಲು ಅವರಿಗೆ ಶಸ್ತ್ರಚಿಕಿತ್ಸೆಯೇ ಇರಲಿಲ್ಲ.

ನಳಿಗೆಯ ಲೆಕ್ಕ

ದಾರಿ ಸ್ವಲ್ಪ ಕಿರಿದಾದ ಮಾತ್ರಕ್ಕೆ ಇಷ್ಟು ಅನಾಹುತವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರ ಪ್ವಾಸೈ ನಿಯಮದಲ್ಲಿದೆ. ಪ್ವಾಸೈ ಅವರೇ ಫ್ರಾನ್ಸಿನ ಒಬ್ಬ ವೈದ್ಯರು. ರಕ್ತದ ಹರಿವನ್ನು ಅರಿಯಬೇಕೆಂದು ಸಣ್ಣ ಗಾಜಿನ ನಳಿಗೆಗಳಲ್ಲಿ ದ್ರವಗಳನ್ನು ಹರಿಸಿ ನೋಡಿದವರು. ಒತ್ತಡದ ವ್ಯತ್ಯಾಸ ಸ್ಥಿರವಾಗಿದ್ದರೆ ನಳಿಗೆಯಲ್ಲಿ ಹರಿಯುವ ದ್ರವದ ಪ್ರಮಾಣ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲೊಂದು ಪಾಲಾಗುತ್ತದೆ. ತ್ರಿಜ್ಯದ ಐದನೆಯ ಒಂದು ಭಾಗ ಕುಗ್ಗಿದರೂ ಸಾಕು, ಹರಿವು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ರಕ್ತ ಶುದ್ಧ ನೀರಿನಂಥ ದ್ರವವಲ್ಲ. ರಕ್ತನಾಳ ಗಾಜಿನಂತೆ ಬಿಗಿಯಾದುದೂ ಅಲ್ಲ. ಆದುದರಿಂದ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಹೊಂದದು. ಆದರೂ ಇಕ್ಕಟ್ಟಿನ ಕ್ರೌರ್ಯ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಅಷ್ಟೇ ಅಲ್ಲ. ಆಮ್ಲಜನಕ ಸಾಲದಿರುವುದನ್ನು ಕಂಡ ದೇಹ ಹೆಚ್ಚು ಹೆಚ್ಚು ಕೆಂಪುಕಣಗಳನ್ನು ತಯಾರಿಸುತ್ತದೆ. ಅದರಿಂದ ರಕ್ತ ಮಂದವಾಗುತ್ತದೆ. ಸ್ನಿಗ್ಧತೆ ಹೆಚ್ಚಿದಷ್ಟೂ ಹರಿವು ಕಡಿಮೆಯಾಗುವುದು ಅದೇ ನಿಯಮದ ಇನ್ನೊಂದು ಮುಖ. ಹೀಗೆ ದೇಹ ಮಾಡಿಕೊಂಡ ಪರಿಹಾರವೇ ಅದಕ್ಕೆ ಹೊರೆಯಾಗುತ್ತದೆ.

ಟೌಸಿಗ್ ಅವರ ಪ್ರಶ್ನೆ

1941ರಲ್ಲಿ ಬ್ಲೇಲಾಕರು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಶಸ್ತ್ರವೈದ್ಯ ವಿಭಾಗದ ಮುಖ್ಯಸ್ಥರಾಗಿ ಹೋದರು, ಥಾಮಸರನ್ನೂ ಕರೆದೊಯ್ದರು. ಅಲ್ಲಿ ಮಕ್ಕಳ ಹೃದಯರೋಗದ ಚಿಕಿತ್ಸಾಲಯವನ್ನು ನಡೆಸುತ್ತಿದ್ದವರು ಹೆಲೆನ್ ಟೌಸಿಗ್ ಎಂಬ ವೈದ್ಯೆ. ಅವರ ದಾರಿಯೂ ಸರಾಗವಾದುದಲ್ಲ. ಬಾಲ್ಯದಲ್ಲಿ ಅಕ್ಷರಗಳನ್ನು ಓದುವುದೇ ಕಷ್ಟವಾಗಿತ್ತು. ಹಾರ್ವರ್ಡ್ ವೈದ್ಯಕೀಯ ಶಾಲೆ ಆಗ ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲವಾದ್ದರಿಂದ ಅವರು ಬೇರೆಡೆಗೆ ಹೋಗಬೇಕಾಯಿತು. 1927ರಲ್ಲಿ ಹಾಪ್‌ಕಿನ್ಸ್‌ನಲ್ಲಿ ಪದವಿ ಪಡೆದರು. ಮುಂದೆ ಕಿವಿ ಮಂದವಾದಾಗ ಮಗುವಿನ ಎದೆಯ ಮೇಲೆ ಬೆರಳಿಟ್ಟು ಸ್ಪರ್ಶದಿಂದಲೇ ಹೃದಯದ ಲಯವನ್ನು ಅರಿಯುವುದನ್ನು ಕಲಿತರು.

ಗರ್ಭದಲ್ಲಿರುವಾಗ ಶಿಶುವಿನ ಶ್ವಾಸಕೋಶದ ಅಪಧಮನಿಗೂ ಮಹಾಪಧಮನಿಗೂ ನಡುವೆ ಒಂದು ಕಿರಿಯ ನಾಳ ಇರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳುತ್ತದೆ. ಆ ನಾಳ ತೆರೆದೇ ಉಳಿದ ನೀಲಿ ಶಿಶುಗಳು ಸ್ವಲ್ಪ ಚೆನ್ನಾಗಿರುವುದನ್ನೂ ನಾಳ ಮುಚ್ಚಿದೊಡನೆ ಅವರ ನೀಲಿ ಹೆಚ್ಚುವುದನ್ನೂ ಟೌಸಿಗ್ ಅವರು ಗಮನಿಸಿದರು. ಮಹಾಪಧಮನಿಯಲ್ಲಿ ಒತ್ತಡ ಹೆಚ್ಚು. ವಯಸ್ಕರಲ್ಲಿ ಅದು ಗರಿಷ್ಠ 120 ಮಿಲಿಮೀಟರ್ ಪಾದರಸದಷ್ಟಾದರೆ ಶ್ವಾಸಕೋಶದ ಅಪಧಮನಿಯಲ್ಲಿ ಸುಮಾರು 25 ಮಾತ್ರ. ಆದ್ದರಿಂದ ನಾಳ ತೆರೆದಿದ್ದರೆ ರಕ್ತ ಶ್ವಾಸಕೋಶದ ಕಡೆಗೆ ಹರಿದು, ಆಮ್ಲಜನಕ ಪಡೆಯಲು ಎರಡನೆಯ ಅವಕಾಶ ದೊರೆಯುತ್ತದೆ. ಮುಚ್ಚಿದ ನಾಳಕ್ಕೆ ಬದಲಾಗಿ ಹೊಸದೊಂದನ್ನು ಮಾಡಿಕೊಡಲಾಗದೇ? ಬಾಸ್ಟನ್ನಿನ ಹೆಸರಾಂತ ಶಸ್ತ್ರವೈದ್ಯರೊಬ್ಬರು ಈ ಪ್ರಶ್ನೆಯಲ್ಲಿ ಆಸಕ್ತಿ ತೋರಲಿಲ್ಲ. 1943ರಲ್ಲಿ ಟೌಸಿಗ್ ಅವರು ಅದನ್ನು ಬ್ಲೇಲಾಕರ ಮುಂದಿಟ್ಟರು. ವಾಂಡರ್‌ಬಿಲ್ಟ್‌ನಲ್ಲಿ ಬದಿಗಿಟ್ಟಿದ್ದ ಆ ವಿಫಲ ಪ್ರಯೋಗದ ಹೊಲಿಗೆಯೇ ಇದಕ್ಕೆ ಬೇಕಾದುದೆಂದು ಬ್ಲೇಲಾಕರಿಗೂ ಥಾಮಸರಿಗೂ ಹೊಳೆಯಿತು.

ಸ್ಟೂಲಿನ ಮೇಲೆ ನಿಂತ ಗುರು

ಹೊಳೆಯುವುದು ಬೇರೆ, ಮಾಡಿ ತೋರಿಸುವುದು ಬೇರೆ. ಮೊದಲು ಆರೋಗ್ಯವಾದ ನಾಯಿಯಲ್ಲಿ ನೀಲಿ ಶಿಶುವಿನ ಸ್ಥಿತಿಯನ್ನು ಉಂಟುಮಾಡಬೇಕು. ಆಮೇಲೆ ಅದನ್ನು ಗುಣಪಡಿಸಬೇಕು. ಈ ಕೆಲಸ ಥಾಮಸರ ಪಾಲಿಗೆ ಬಂದಿತು. ಸುಮಾರು 200 ನಾಯಿಗಳ ಮೇಲೆ, ಹತ್ತಿರ ಹತ್ತಿರ ಎರಡು ವರ್ಷ ಅವರು ದುಡಿದರು. ಮಗುವಿನ ಪುಟ್ಟ ನಾಳಕ್ಕೆ ಹೊಂದುವ ಉಪಕರಣಗಳು ಆಗ ಇರಲಿಲ್ಲ. ಇದ್ದ ಸೂಜಿಗಳನ್ನೇ ಮೊಟಕು ಮಾಡಿ ಮೊನೆಗೆ ಸಾಣೆ ಹಿಡಿದರು. ಇದ್ದ ಚಿಮಟಗಳನ್ನೇ ಬೇಕಾದಂತೆ ಮಾರ್ಪಡಿಸಿದರು. ಬಡಗಿಯ ಮನೆಯಲ್ಲಿ ಕಲಿತ ಕೈಗೆಲಸ ಇಲ್ಲಿ ಉಪಯೋಗಕ್ಕೆ ಬಂದಿತು. ಬಹುಕಾಲ ಬದುಕುಳಿದ ಆನಾ ಎಂಬ ನಾಯಿಯ ಚಿತ್ರವನ್ನು ಮುಂದೆ ಹಾಪ್‌ಕಿನ್ಸ್‌ನ ಗೋಡೆಯ ಮೇಲೆ ಗೌರವದಿಂದ ತೂಗುಹಾಕಿದರು. ಈ ವಿದ್ಯೆಗೆ ಪ್ರಾಣಿಗಳು ತೆತ್ತ ಬೆಲೆಯನ್ನು ನಾವೂ ಮರೆಯಬಾರದು.

1944ರ ನವೆಂಬರ್ 29ರಂದು ಹದಿನೈದು ತಿಂಗಳ ಹೆಣ್ಣು ಮಗುವೊಂದನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿಸಿದರು. ಅದರ ತೂಕ ಐದು ಕಿಲೋಗ್ರಾಂ ಕೂಡ ಇರಲಿಲ್ಲ. ಶಸ್ತ್ರ ಹಿಡಿದವರು ಬ್ಲೇಲಾಕರು. ಆದರೆ ಈ ಹೊಲಿಗೆಯನ್ನು ಅವರು ಅಭ್ಯಾಸಮಾಡಿದ್ದು ಒಂದೇ ಬಾರಿ, ಅದೂ ಥಾಮಸರಿಗೆ ಸಹಾಯಕರಾಗಿ ನಿಂತು. ಆದುದರಿಂದ ಥಾಮಸರು ಹತ್ತಿರ ಇರಲೇಬೇಕೆಂದು ಹೇಳಿಕಳುಹಿಸಿದರು. ಥಾಮಸರು ಒಂದು ಸ್ಟೂಲಿನ ಮೇಲೆ ಹತ್ತಿ, ಬ್ಲೇಲಾಕರ ಹೆಗಲ ಮೇಲಿಂದ ನೋಡುತ್ತ, ಹೊಲಿಗೆಯ ದಿಕ್ಕು, ನಾಳದ ಉದ್ದ, ಒಂದೊಂದನ್ನೂ ಮೆಲ್ಲಗೆ ಸೂಚಿಸುತ್ತ ಹೋದರು. ತೋಳಿಗೆ ಹೋಗುವ ಅಪಧಮನಿಯನ್ನು ಕತ್ತರಿಸಿ, ಅದರ ತುದಿಯನ್ನು ಶ್ವಾಸಕೋಶದ ಅಪಧಮನಿಯ ಪಕ್ಕಕ್ಕೆ ಹೊಲಿದರು. ತೋಳಿಗೆ ಬೇಕಾದ ರಕ್ತವನ್ನು ಸುತ್ತಲಿನ ಸಣ್ಣ ನಾಳಗಳು ಒದಗಿಸುತ್ತವೆ.

ಮಗು ಚೇತರಿಸಿಕೊಂಡು ಕೆಲವು ತಿಂಗಳು ಬದುಕಿತು; ಮತ್ತೆ ನೀಲಿಯಾಗಿ, ಎರಡನೆಯ ಶಸ್ತ್ರಕ್ರಿಯೆಯ ಬಳಿಕ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಆದರೆ ದಾರಿ ತೆರೆದಿತ್ತು. 1945ರ ಆರಂಭದಲ್ಲಿ ಇನ್ನಿಬ್ಬರು ಮಕ್ಕಳಿಗೆ ಇದೇ ಚಿಕಿತ್ಸೆ ನಡೆಯಿತು. ಅವರಲ್ಲಿ ಆರು ವರ್ಷದ ಬಾಲಕನೊಬ್ಬನ ನೀಲಿ ತುಟಿ ಮೇಜಿನ ಮೇಲೆಯೇ ಕೆಂಪಾದುದನ್ನು ಸುತ್ತ ನಿಂತವರೆಲ್ಲ ಕಂಡರು. ದೇಶ ದೇಶಗಳಿಂದ ತಂದೆತಾಯಿಗಳು ಮಕ್ಕಳನ್ನೆತ್ತಿಕೊಂಡು ಬಾಲ್ಟಿಮೋರಿಗೆ ಬರತೊಡಗಿದರು.

ಬರೆಯದೆ ಬಿಟ್ಟ ಹೆಸರು

ಈ ಮೂವರು ಮಕ್ಕಳ ಚಿಕಿತ್ಸೆಯನ್ನು ವರದಿಮಾಡಿದ ಲೇಖನ 1945ರಲ್ಲಿ ಪ್ರಕಟವಾಯಿತು. ಲೇಖಕರು ಬ್ಲೇಲಾಕ್ ಮತ್ತು ಟೌಸಿಗ್. ಥಾಮಸರ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಶಸ್ತ್ರಕ್ರಿಯೆಗೂ ಆ ಇಬ್ಬರ ಹೆಸರೇ ನಿಂತಿತು. ಥಾಮಸರಿಂದ ಪ್ರಯೋಗಶಾಲೆಯಲ್ಲಿ ಕೈ ಪಳಗಿಸಿಕೊಂಡ ತರುಣ ವೈದ್ಯರು ಮುಂದೆ ದೊಡ್ಡ ಹೃದಯಶಸ್ತ್ರವೈದ್ಯರಾದರು. ಡೆಂಟನ್ ಕೂಲೀ ಅವರಲ್ಲೊಬ್ಬರು. ಆದರೆ ಸಂಸಾರ ಸಾಗಿಸಲು ಸಂಬಳ ಸಾಲದೆ, ಬ್ಲೇಲಾಕರ ಮನೆಯ ಔತಣಗಳಲ್ಲಿ ಥಾಮಸರು ಅತಿಥಿಗಳಿಗೆ ಪಾನೀಯ ಬಡಿಸಿದ್ದೂ ಉಂಟು. ಹಗಲಿನಲ್ಲಿ ಅವರ ಶಿಷ್ಯರಾದವರೇ ರಾತ್ರಿ ಅಲ್ಲಿ ಅತಿಥಿಗಳು.

1947ರಲ್ಲಿ ಅವರು ಮತ್ತೊಮ್ಮೆ ಪದವಿಯ ಯೋಚನೆ ಮಾಡಿ ಬಾಲ್ಟಿಮೋರಿನ ಮಾರ್ಗನ್ ಕಾಲೇಜಿನಲ್ಲಿ ವಿಚಾರಿಸಿದರು. ಹದಿನೇಳು ವರ್ಷಗಳ ಅನುಭವಕ್ಕೆ ಅಲ್ಲಿ ಬೆಲೆ ಕಟ್ಟಲಿಲ್ಲ. ಮೊದಲ ವರ್ಷದಿಂದಲೇ ಆರಂಭಿಸಬೇಕೆಂದರು. ಲೆಕ್ಕ ಹಾಕಿ ನೋಡಿದರೆ ವೈದ್ಯರಾಗಿ ಹೊರಬರುವಾಗ ವಯಸ್ಸು ಐವತ್ತಾಗುತ್ತಿತ್ತು. ಆಸೆಯನ್ನು ಅಲ್ಲಿಗೇ ಬಿಟ್ಟರು.

ಬ್ಲೇಲಾಕರು 1964ರಲ್ಲಿ ತೀರಿಕೊಂಡ ಮೇಲೆಯೂ ಥಾಮಸರು ಹಾಪ್‌ಕಿನ್ಸ್‌ನ ಶಸ್ತ್ರವೈದ್ಯ ಸಂಶೋಧನಾಶಾಲೆಗಳನ್ನು 1979ರವರೆಗೆ ನಡೆಸಿದರು. 1976ರಲ್ಲಿ, ಪ್ರಯೋಗಶಾಲೆಯನ್ನು ಹೊಕ್ಕು ನಲವತ್ತಾರು ವರ್ಷವಾದ ಮೇಲೆ, ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟು ಅಧ್ಯಾಪಕರ ಸಾಲಿಗೆ ಸೇರಿಸಿಕೊಂಡಿತು. ಆ ಪದವಿಯೂ ವೈದ್ಯಶಾಸ್ತ್ರದ್ದಲ್ಲ, ನ್ಯಾಯಶಾಸ್ತ್ರದ್ದು. 1985ರಲ್ಲಿ ಅವರು ಕಾಲವಾದರು. ಈಗ ಅನೇಕರು ಆ ಜೋಡಣೆಯನ್ನು ಬ್ಲೇಲಾಕ್, ಥಾಮಸ್, ಟೌಸಿಗ್ ಈ ಮೂವರ ಹೆಸರಿನಲ್ಲಿಯೂ ಕರೆಯುತ್ತಾರೆ. 1954ರಿಂದೀಚೆಗೆ ಹೃದಯವನ್ನೇ ತೆರೆದು ನಾಲ್ಕು ದೋಷಗಳನ್ನು ಸರಿಪಡಿಸುವುದು ಸಾಧ್ಯವಾಗಿದೆ. ಆದರೂ ಆ ದೊಡ್ಡ ಶಸ್ತ್ರಕ್ರಿಯೆಗೆ ಇನ್ನೂ ಸಿದ್ಧವಾಗದ ಶಿಶುಗಳಿಗೆ ಕೃತಕ ನಳಿಗೆಯನ್ನಿಟ್ಟು ಇದೇ ಬಗೆಯ ಜೋಡಣೆಯನ್ನು ಇಂದಿಗೂ ಮಾಡುತ್ತಾರೆ.

ನಾವು ಕಲಿಯಬೇಕಾದುದು

ಈ ವೃತ್ತಾಂತವನ್ನು ಕೇಳಿದ ವಿದ್ಯಾರ್ಥಿಯೊಬ್ಬನು ಒಮ್ಮೆ, 'ಹಾಗಾದರೆ ಪದವಿ ಬೇಡವೇ, ಸರ್?' ಎಂದು ಕೇಳಿದನು. ಬೇಡವೆಂದು ನಾವು ಹೇಳಲಾರೆವು. ರೋಗಿಯ ಮೈ ಮುಟ್ಟುವವನಿಗೆ ಕ್ರಮವಾದ ಶಿಕ್ಷಣವೂ ಅದಕ್ಕೆ ಪ್ರಮಾಣಪತ್ರವೂ ಇರಬೇಕೆಂಬ ಕಾನೂನು ರೋಗಿಯ ರಕ್ಷಣೆಗಾಗಿಯೇ ಇದೆ. ಥಾಮಸರು ಕೂಡ ತಾವಾಗಿ ರೋಗಿಯ ಮೇಲೆ ಶಸ್ತ್ರ ಹಿಡಿಯಲಿಲ್ಲ. ಪದವಿಯಿಲ್ಲದ್ದರಿಂದ ಅವರು ಜೀವಮಾನವಿಡೀ ತೆತ್ತ ಬೆಲೆಯನ್ನು ಕಂಡವರಾರೂ ಪದವಿಯನ್ನು ಹಗುರವಾಗಿ ಕಾಣಲಾರರು. ಅವರ ಬಾಳಿನಿಂದ ನಾವು ತೆಗೆಯಬಹುದಾದ ಮಾತು ಬೇರೆ. ಪದವಿ ಒಬ್ಬನು ಕಲಿತಿದ್ದಾನೆಂದು ಹೇಳುವ ಪತ್ರ. ಕಲಿಕೆ ಅದಕ್ಕಿಂತ ಹಿಂದಿನದು. ಪತ್ರವಿಲ್ಲದೆ ಕಲಿತವನನ್ನು ಗುರುತಿಸಲಾರದ ವ್ಯವಸ್ಥೆ, ಕಲಿಯದೆ ಪತ್ರ ಪಡೆದವನನ್ನೂ ಗುರುತಿಸಲಾರದು.

ವೈದ್ಯಶಾಸ್ತ್ರದ ಮನೆಗೆ ಬಾಗಿಲು ಒಂದೇ ಅಲ್ಲವೆಂಬುದನ್ನೂ ಸೀಟು ಸಿಕ್ಕದ ವಿದ್ಯಾರ್ಥಿಗಳು ತಿಳಿಯಬೇಕು. ಅರ್ಬುದ ರೋಗಕ್ಕೆ ವಿಕಿರಣ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ, ಕಿರಣದ ಪ್ರಮಾಣವನ್ನು ಲೆಕ್ಕಹಾಕಲು ಭೌತವಿಜ್ಞಾನಿ ಇರಲೇಬೇಕು. ಭೌತವಿಜ್ಞಾನದ ಎಂ.ಎಸ್‌ಸಿ. ಮುಗಿಸಿದವರು ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ಈ ವಿದ್ಯೆಗಾಗಿ ಪ್ರತ್ಯೇಕ ತರಬೇತಿ ಪಡೆಯಬಹುದು. ಹೃದಯ ತೆರೆದ ಶಸ್ತ್ರಕ್ರಿಯೆಯಲ್ಲಿ ಹೃದಯದ ಕೆಲಸವನ್ನು ವಹಿಸಿಕೊಳ್ಳುವ ಯಂತ್ರವನ್ನು ನಡೆಸುವವರು ಎಂ.ಬಿ.ಬಿ.ಎಸ್. ಓದಿದವರೇ ಆಗಿರಬೇಕಾಗಿಲ್ಲ, ಅದಕ್ಕೂ ಬೇರೆಯ ವ್ಯಾಸಂಗವಿದೆ. ಇವು ಸೋತವರಿಗೆ ಬಿಟ್ಟ ಸ್ಥಾನಗಳಲ್ಲ. ಇಲ್ಲಿ ಲೆಕ್ಕ ತಪ್ಪಿದರೂ ಕೈ ತಪ್ಪಿದರೂ ರೋಗಿಯ ಜೀವಕ್ಕೇ ಅಪಾಯ.

ಆದುದರಿಂದ ಪ್ವಾಸೈ ನಿಯಮವನ್ನು ಬರೆದುಕೊಳ್ಳುವಾಗ, ಇದು ಪರೀಕ್ಷೆಗೆ ಬರುವುದೇ ಎಂಬುದೊಂದನ್ನೇ ಕೇಳಬೇಡಿರಿ. ಆ ಸಮೀಕರಣದಲ್ಲಿ ತ್ರಿಜ್ಯದ ತಲೆಯ ಮೇಲೆ ಕುಳಿತಿರುವ ಸಣ್ಣ ನಾಲ್ಕನ್ನು ಒಮ್ಮೆ ದಿಟ್ಟಿಸಿ ನೋಡಿರಿ. ಕಿರಿದಾದ ಒಂದು ನಾಳ ಎಷ್ಟೋ ಮಕ್ಕಳ ಉಸಿರನ್ನು ಕಸಿಯುತ್ತಿದ್ದುದೂ ಬಡಗಿಯ ಮಗನೊಬ್ಬನು ಅದರ ಪಕ್ಕದಲ್ಲಿ ಇನ್ನೊಂದು ದಾರಿಯನ್ನು ಹೊಲಿಯಲು ಕಲಿಸಿದುದೂ ನಿಮಗೆ ನೆನಪಾಗಲಿ.